ಬಿಲ್ಲಿಗೆಂದು ಕೊಟ್ಟ ಇಮೇಲ್ ವಿಳಾಸ ಮಾರಾಟಗಾರರ ಕೈಗೆ ಹೋಗುವುದು ಹೇಗೆ?

ಕೆರೆದಂಡೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ನನ್ನನ್ನು ಕಾಡುತ್ತಿರುವ ಒಂದು ಸಂಗತಿಯನ್ನು ಇಲ್ಲಿ ಮುಂದಿಡುತ್ತಿದ್ದೇನೆ. ವ್ಯಾಪಾರ, ಕಾನೂನು, ಕಂಪ್ಯೂಟರ್ ಬಲ್ಲವರು ಇಲ್ಲಿ ಹಲವರಿದ್ದೀರಿ. ಗೊತ್ತಿದ್ದವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ನನ್ನ ತಾಯಿಯವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದ ಮೇಲೆ ಹೊಸ ಕನ್ನಡಕ ಮಾಡಿಸಲು ಊರಿನ ಒಂದು ದೊಡ್ಡ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಬಿಲ್ ಮಾಡುತ್ತಿದ್ದ ಹುಡುಗಿ ಮೊದಲು ಮೊಬೈಲ್ ನಂಬರ್ ಕೇಳಿದರು, ಆಮೇಲೆ ತಾಯಿಯವರ ವಯಸ್ಸು ಕೇಳಿದರು, ಕೊನೆಗೆ "ಮೇಲ್ ಐಡಿ ಹೇಳಿ ಸರ್, ಬಿಲ್ಲು, ವಾರಂಟಿ ಎರಡೂ ಅದಕ್ಕೇ ಬರುತ್ತೆ" ಎಂದರು. ವಾರಂಟಿ ಬೇಕಾಗಿತ್ತು, ಹೇಳಿದೆ.

ಇಲ್ಲಿ ನನ್ನದೊಂದು ಅಭ್ಯಾಸವನ್ನು ತಿಳಿಸಬೇಕು. ಜಿಮೇಲಿನಲ್ಲಿ ನಮ್ಮ ಹೆಸರಿನ ಕೊನೆಗೆ ಪ್ಲಸ್ ಚಿಹ್ನೆ ಹಾಕಿ ಯಾವ ಪದವನ್ನು ಸೇರಿಸಿದರೂ ಪತ್ರ ನಮ್ಮ ಪೆಟ್ಟಿಗೆಗೇ ಬಂದು ಬೀಳುತ್ತದೆ. ಬ್ಯಾಂಕಿನಲ್ಲಿದ್ದಾಗ ಕಿರಿಯ ಸಹೋದ್ಯೋಗಿಯೊಬ್ಬರು ಇದನ್ನು ಕಲಿಸಿಕೊಟ್ಟಿದ್ದರು. ಅಂದಿನಿಂದ ನಾನು ಪ್ರತಿ ಅಂಗಡಿಗೂ ಬೇರೆ ಬೇರೆ ಪದ ಸೇರಿಸಿ ವಿಳಾಸ ಕೊಡುತ್ತೇನೆ. ಈ ಅಂಗಡಿಗೆ ಕೊಟ್ಟದ್ದು 'ಕನ್ನಡಕ' ಎಂದು ಸೇರಿಸಿದ ವಿಳಾಸ. ಅದನ್ನು ಮತ್ತೆಲ್ಲಿಯೂ ಬರೆದಿಲ್ಲ.

ಮೂರನೆಯ ವಾರದಲ್ಲಿ ಹಿರಿಯ ನಾಗರಿಕರ ಆರೋಗ್ಯ ವಿಮೆಯ ಪತ್ರ ಬಂತು. ಅದರ ಹಿಂದೆಯೇ ಕಿವಿ ಕೇಳಿಸದವರಿಗಾಗಿ ಶ್ರವಣ ಸಾಧನ ಮಾರುವವರ ಪತ್ರ. ಈಗ ದೇವನಹಳ್ಳಿಯ ನಿವೇಶನದವರು ವಾರಕ್ಕೆ ಎರಡು ಸಲ ಬರೆಯುತ್ತಿದ್ದಾರೆ. ಎಲ್ಲವೂ ಬಂದಿರುವುದು 'ಕನ್ನಡಕ' ವಿಳಾಸಕ್ಕೇ. ನಿವೇಶನದ ಪತ್ರವನ್ನಾದರೂ ಸಹಿಸಿಕೊಂಡೇನು. ಶ್ರವಣ ಸಾಧನದ ಪತ್ರ ಕಂಡಾಗ ಮಾತ್ರ ಮನಸ್ಸಿಗೆ ಬಹಳ ನೋವಾಯಿತು, ಏಕೆಂದರೆ ನನ್ನ ತಾಯಿಯವರ ವಯಸ್ಸನ್ನು ನಾನು ಹೇಳಿದ್ದು ಕನ್ನಡಕದ ಬಿಲ್ಲಿಗೆ, ಅದನ್ನು ಓದಿದ್ದು ಮತ್ತಾರೋ.

ವ್ಯಾಪಾರಿಗಳಿಗೆ ನಮ್ಮ ವಿಳಾಸ ಯಾವ ಯಾವ ದಾರಿಯಲ್ಲಿ ಸಿಗುತ್ತದೆ? ನಾವಾಗಿ ಕೊಡದೆಯೂ ಸಿಗುತ್ತದೆಯೇ?

ಬಿಲ್ಲಿಂಗ್ ಕೌಂಟರ್, ಹುಬ್ಬಳ್ಳಿ

ತಮ್ಮ ಬರಹ ಓದಿ ಸುಮ್ಮನಿರಲು ಆಗಲಿಲ್ಲ. ನಾನು ಏಳು ವರ್ಷ ಬಟ್ಟೆ ಮಾರುವ ಒಂದು ದೊಡ್ಡ ಚೈನ್ ಸ್ಟೋರಿನಲ್ಲಿ ಬಿಲ್ ಮಾಡುವ ಕೆಲಸದಲ್ಲಿದ್ದೆ. ಆ ಹುಡುಗಿಯ ಜಾಗದಲ್ಲಿ ನಾನೇ ಕುಳಿತಿದ್ದವಳು.

ನಮ್ಮ ಕಂಪ್ಯೂಟರಿನ ಪರದೆಯಲ್ಲಿ ಮೊಬೈಲ್ ನಂಬರಿನ ಕೆಳಗೇ ಮೇಲ್ ಐಡಿಯ ಖಾನೆ ಇರುತ್ತಿತ್ತು, ಅದರ ಪಕ್ಕದಲ್ಲಿ ಕೆಂಪು ಚುಕ್ಕೆ ಇರುತ್ತಿತ್ತು. ಖಾನೆ ತುಂಬದಿದ್ದರೆ ಬಿಲ್ ಮುಂದಕ್ಕೆ ಹೋಗುವುದಿಲ್ಲ ಎಂದೇ ನಮಗೆ ಕೆಲಸ ಕಲಿಸುವಾಗ ಹೇಳಿದ್ದರು. ಗೋದಾಮಿಗೆ ಹೋಗುವ ಬಾಗಿಲ ಹಿಂದೆ ಒಂದು ಬಿಳಿ ಹಲಗೆ ತೂಗುಹಾಕಿ, ಯಾರು ನೂರು ಬಿಲ್ಲಿಗೆ ಎಷ್ಟು ಮೇಲ್ ಐಡಿ ಹಿಡಿದರು ಎಂದು ಪ್ರತಿ ಸೋಮವಾರ ಬರೆಯುತ್ತಿದ್ದರು. ಎಂಬತ್ತು ದಾಟಿದವರಿಗೆ ಊಟದ ಕೂಪನ್ನು ಸಿಗುತ್ತಿತ್ತು. ಐವತ್ತಕ್ಕಿಂತ ಕಡಿಮೆಯಾದವರು ಮ್ಯಾನೇಜರರ ಮುಂದೆ ನಿಂತು ಕಾರಣ ಹೇಳಬೇಕಾಗುತ್ತಿತ್ತು.

ದೀಪಾವಳಿಯ ಹಿಂದಿನ ಸಂಜೆ ಸಾಲು ಬಾಗಿಲ ತನಕ ನಿಂತಿರುವಾಗ ಒಬ್ಬೊಬ್ಬರ ಮೇಲ್ ಐಡಿಯನ್ನು ಅಕ್ಷರ ಬಿಡಿಸಿ ಕೇಳುತ್ತ ಕೂರಲು ಆಗುತ್ತದೆಯೇ? "ನನಗ ಮೇಲ್ ಇಲ್ಲವಾ, ಲಗೂನ ಬಿಲ್ ಮಾಡು" ಎಂದು ಅಜ್ಜಿಯೊಬ್ಬರು ಹೇಳಿದಾಗ, ನಾವು ಬಾಯಿಗೆ ಬಂದ ಹೆಸರನ್ನು ಒತ್ತಿ ಜಿಮೇಲ್ ಸೇರಿಸಿ ಮುಂದಕ್ಕೆ ಕಳುಹಿಸುತ್ತಿದ್ದೆವು. ಅಂಥ ಹೆಸರಿನ ವಿಳಾಸ ನಿಜವಾಗಿಯೂ ಯಾರದೋ ಆಗಿರುತ್ತದೆ. ಅಜ್ಜಿಯ ಸೀರೆಯ ಬಿಲ್ಲು ಆ ಅಪರಿಚಿತರಿಗೆ ಹೋಗುತ್ತದೆ, ಅವರು ಆ ಅಂಗಡಿಯ ಹೊಸಿಲು ತುಳಿಯದೆಯೇ ಗ್ರಾಹಕರ ಪಟ್ಟಿಗೆ ಸೇರಿಬಿಡುತ್ತಾರೆ. ತಾವು ಕೊಡದೆಯೂ ವಿಳಾಸ ಸಿಗುವ ಒಂದು ಬಗೆ ಇದು, ಮತ್ತು ಇದನ್ನು ನನ್ನ ಕೈಯಾರೆ ಮಾಡಿದ್ದೇನೆ ಎಂಬ ಬೇಸರ ನನಗೆ ಈಗಲೂ ಇದೆ.

ಲಕ್ಕಿ ಡ್ರಾ ಪೆಟ್ಟಿಗೆಯ ವಿಷಯವನ್ನೂ ಹೇಳುತ್ತೇನೆ. ಹಬ್ಬದ ಕಾಲದಲ್ಲಿ ಬಾಗಿಲ ಬಳಿ ಸ್ಕೂಟರ್ ನಿಲ್ಲಿಸಿ, ಪಕ್ಕದಲ್ಲಿ ಗಾಜಿನ ಪೆಟ್ಟಿಗೆ ಇಡುತ್ತಿದ್ದರು. ಸ್ಕೂಟರ್ ಒಬ್ಬರಿಗೆ ಸಿಗುತ್ತಿತ್ತು. ಉಳಿದ ಚೀಟಿಗಳನ್ನು ಯಾರೂ ಎಸೆಯುತ್ತಿರಲಿಲ್ಲ. ಚೀಲಕ್ಕೆ ತುಂಬಿ ಡೇಟಾ ಎಂಟ್ರಿ ಮಾಡುವವರಿಗೆ ಕಳುಹಿಸುತ್ತಿದ್ದರು. ಚೀಟಿಯಲ್ಲಿ ಮದುವೆಯಾದ ದಿನ, ಮಕ್ಕಳ ಹುಟ್ಟಿದ ದಿನ, ಸ್ವಂತ ಮನೆಯೋ ಬಾಡಿಗೆಯೋ ಎಂಬ ಪ್ರಶ್ನೆಗಳು ಏಕಿದ್ದವು ಎಂದು ನಾನು ಆಗ ಯೋಚಿಸಿರಲಿಲ್ಲ.

ಇನ್ನು ತಮ್ಮ ಪ್ರಶ್ನೆಗೆ: ಬಹಳ ಕಡೆ ಪಾಯಿಂಟ್ಸ್ ಕಾರ್ಡ್ ನಡೆಸುವುದು ಅಂಗಡಿಯವರಲ್ಲ, ಬೇರೆ ಕಂಪನಿ. ಅದೇ ಕಂಪನಿ ಚಿನ್ನದ ಅಂಗಡಿಗೂ ಆಸ್ಪತ್ರೆಗೂ ಪೆಟ್ರೋಲ್ ಬಂಕಿಗೂ ಅದೇ ಕೆಲಸ ಮಾಡಿಕೊಡುತ್ತಿರಬಹುದು. ಕೌಂಟರಿನಲ್ಲಿ ಕೂತವರಿಗೆ ವಿಳಾಸ ಅಲ್ಲಿಂದ ಮುಂದೆ ಎತ್ತ ಹೋಗುತ್ತದೆ ಎಂಬುದು ತಿಳಿಯುವುದೇ ಇಲ್ಲ. ದಯವಿಟ್ಟು ಆ ಹುಡುಗಿಯ ಮೇಲೆ ಕೋಪ ಮಾಡಿಕೊಳ್ಳಬೇಡಿ.

ಓದುಗ, ತುಮಕೂರು

ಕ್ಷಮಿಸಿ, ನನಗೆ ಇದು ಇಷ್ಟು ದೊಡ್ಡ ವಿಷಯವೆಂದು ಅನ್ನಿಸುತ್ತಿಲ್ಲ. ಬೇಡದ ಕರೆ ಬಂದರೆ ಮಾಡುತ್ತಿರುವ ಕೆಲಸ ಬಿಟ್ಟು ಎದ್ದು ಹೋಗಬೇಕಾಗುತ್ತದೆ. ಇಮೇಲ್ ಹಾಗಲ್ಲ, ಬೇಡವಾದರೆ ಅಳಿಸಿದರಾಯಿತು. ಅಂಗಡಿಯವರು ತಮ್ಮ ರಿಯಾಯಿತಿಯನ್ನು ನಮಗೆ ತಿಳಿಸುವುದರಲ್ಲಿ ತಪ್ಪೇನಿದೆ?

ಸರ್ವರ್ ರೂಮ್, ಬೆಂಗಳೂರು

ತುಮಕೂರಿನವರ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ. ನಾನು ಹನ್ನೊಂದು ವರ್ಷ ಕಂಪನಿಗಳ ಪರವಾಗಿ ಲಕ್ಷಗಟ್ಟಲೆ ಇಮೇಲ್ ಕಳುಹಿಸುವ ವ್ಯವಸ್ಥೆಯಲ್ಲಿ ಕೆಲಸ ಮಾಡಿದ್ದೇನೆ.

ಕೇಳದವರಿಗೆ ಪ್ರಚಾರದ ಪತ್ರ ಹೋದ ಮೊದಲ ಪ್ರಸಂಗವೆಂದು ಎಲ್ಲರೂ ಹೇಳುವುದು 1978ರ ಮೇ 3ರದು. ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥರ್ಕ್ ಎಂಬ ಮಾರಾಟಾಧಿಕಾರಿ ತಮ್ಮ ಹೊಸ ಕಂಪ್ಯೂಟರಿನ ಪ್ರದರ್ಶನಕ್ಕೆ ಬನ್ನಿರೆಂದು, ಇಂದಿನ ಇಂಟರ್ನೆಟ್ಟಿಗೆ ಮೂಲವಾದ ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಬರೆದರು. ವಿಳಾಸಗಳು ಸಿಕ್ಕಿದ್ದು ಆ ಜಾಲದ ಬಳಕೆದಾರರ ಮುದ್ರಿತ ಕೈಪಿಡಿಯಿಂದ. ಸಂಶೋಧಕರು ಪರಸ್ಪರ ಸಂಪರ್ಕಿಸಲೆಂದು ಅಚ್ಚು ಹಾಕಿಸಿದ ಪುಸ್ತಕ ಅದು. ಒಂದು ಉದ್ದೇಶಕ್ಕೆ ಇಟ್ಟ ವಿಳಾಸವನ್ನು ಇನ್ನೊಂದಕ್ಕೆ ಎತ್ತಿಕೊಳ್ಳುವುದು ಮೊದಲ ದಿನದಿಂದಲೇ ಇದೆ ಎಂದು ತೋರಿಸಲು ಇದನ್ನು ಹೇಳಿದೆ. ಕೆರೆದಂಡೆಯವರ ಕನ್ನಡಕದ ಬಿಲ್ಲಿಗೂ ಅದಕ್ಕೂ ಮೂಲದಲ್ಲಿ ವ್ಯತ್ಯಾಸವಿಲ್ಲ.

ಜಾಲತಾಣಗಳು ಬಂದ ಮೇಲೆ ಪುಟದಿಂದ ಪುಟಕ್ಕೆ ಹರಿದಾಡಿ, ಅಟ್ ಚಿಹ್ನೆ ಕಂಡಲ್ಲೆಲ್ಲ ಹಿಂದು ಮುಂದಿನ ಅಕ್ಷರಗಳನ್ನು ಹೆಕ್ಕಿಕೊಳ್ಳುವ ತಂತ್ರಾಂಶಗಳು ಹುಟ್ಟಿದವು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲಿ 250 ಹೊಸ ವಿಳಾಸಗಳನ್ನು ಸೃಷ್ಟಿಸಿ ಜಾಲದ 175 ಕಡೆ ಬಿತ್ತಿ ನೋಡಿತು. ಜಾಲಪುಟಗಳಲ್ಲಿ ಹಾಕಿದ ವಿಳಾಸಗಳಲ್ಲಿ ಶೇ 86ಕ್ಕೆ ಬೇಡದ ಪತ್ರಗಳು ಬಂದವು; ಹರಟೆಕೋಣೆಯೊಂದರಲ್ಲಿ ಬಳಸಿದ ವಿಳಾಸಕ್ಕೆ ಎಂಟೇ ನಿಮಿಷದಲ್ಲಿ ಮೊದಲ ಪತ್ರ ಬಂತು. ನಮ್ಮಲ್ಲಿ ಕಂಪನಿ ನೋಂದಾಯಿಸಿದವರಿಗೆ ಇದರ ಅನುಭವ ಚೆನ್ನಾಗಿ ಇರುತ್ತದೆ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಸಾರ್ವಜನಿಕ ದಾಖಲೆಯಲ್ಲಿ ಕಂಪನಿಯ ಇಮೇಲ್ ವಿಳಾಸವೂ ಹಲವು ವರ್ಷ ಕಾಣುತ್ತಿತ್ತು, ಅದನ್ನು ನಕಲು ಮಾಡಿಟ್ಟುಕೊಂಡ ತಾಣಗಳೂ ಇವೆ. ನೋಂದಣಿ ಪತ್ರ ಕೈಸೇರಿದ ವಾರದೊಳಗೆ ಲೋಗೋ ಮಾಡಿಕೊಡುವವರು, ಟ್ರೇಡ್‌ಮಾರ್ಕ್ ಮಾಡಿಸಿಕೊಡುವವರು, ಸಾಲ ಕೊಡುವವರು ಎಲ್ಲರೂ ಬರೆಯುತ್ತಾರೆ.

ವಿಳಾಸ ಎಲ್ಲಿಯೂ ಬರೆದಿರದಿದ್ದರೂ ಊಹಿಸಬಹುದು. ಒಂದು ಕಚೇರಿಯಲ್ಲಿ ಎಲ್ಲರ ವಿಳಾಸವೂ ಹೆಸರು, ಚುಕ್ಕೆ, ಮನೆತನದ ಹೆಸರು ಎಂಬ ಮಾದರಿಯಲ್ಲಿದೆ ಎಂದು ಒಬ್ಬರಿಂದ ಗೊತ್ತಾದರೆ ಸಾಕು. ಉದ್ಯೋಗಿಗಳ ಹೆಸರು ಲಿಂಕ್ಡ್‌ಇನ್‌ನಂಥ ಕಡೆ ಸಿಗುತ್ತದೆ, ಸಾವಿರ ವಿಳಾಸಗಳನ್ನು ಒಂದು ನಿಮಿಷದಲ್ಲಿ ಹೊಸೆಯಬಹುದು. ಆಮೇಲೆ ಪತ್ರ ಕಳುಹಿಸದೆಯೇ, ಆ ಕಚೇರಿಯ ಮೇಲ್ ಸರ್ವರಿಗೆ ಕರೆ ಹೋಗಿ 'ಇಂಥವರು ನಿಮ್ಮಲ್ಲಿದ್ದಾರೆಯೇ' ಎಂದು ಕೇಳಿ, ಉತ್ತರ ಸಿಕ್ಕ ತಕ್ಷಣ ಸಂಪರ್ಕ ಕಡಿಯುವ ಪರೀಕ್ಷಕ ಸೇವೆಗಳಿವೆ.

ಸಾಮಾನ್ಯ ಓದುಗರಿಗೆ ಗೊತ್ತಿರಲೇಬೇಕಾದದ್ದು ಫಾರ್ಮ್‌ಗಳ ವಿಷಯ. ಜಾಲತಾಣದಲ್ಲಿ ವಿಳಾಸ ಬರೆದು, ಮನಸ್ಸು ಬದಲಾಗಿ, 'ಸಲ್ಲಿಸಿ' ಒತ್ತದೆ ಪುಟ ಮುಚ್ಚಿದರೆ ಏನೂ ಹೋಗಿಲ್ಲವೆಂದು ನಾವು ತಿಳಿಯುತ್ತೇವೆ. 2022ರಲ್ಲಿ ಯುರೋಪಿನ ವಿಶ್ವವಿದ್ಯಾಲಯಗಳ ಸಂಶೋಧಕರು ಹೆಚ್ಚು ಬಳಕೆಯ ಒಂದು ಲಕ್ಷ ಜಾಲತಾಣಗಳನ್ನು ಪರೀಕ್ಷಿಸಿದಾಗ, ಯುರೋಪಿನಿಂದ ನೋಡಿದರೆ 1,844 ತಾಣಗಳಲ್ಲಿ, ಅಮೆರಿಕದಿಂದ ನೋಡಿದರೆ 2,950 ತಾಣಗಳಲ್ಲಿ, ಬರೆದ ವಿಳಾಸ ಸಲ್ಲಿಸುವ ಮೊದಲೇ ಮೂರನೆಯವರ ಸರ್ವರಿಗೆ ಹರಿದುಹೋಗುತ್ತಿತ್ತು. ನಾವು ಅಳಿಸಿದ ಅಕ್ಷರಗಳೂ ಅವರ ಬಳಿ ಉಳಿದಿರುತ್ತವೆ.

ನಮ್ಮ ಪರಿಚಯದವರ ಫೋನೂ ಒಂದು ದಾರಿ. ಯಾವುದೋ ಆ್ಯಪ್ 'ಸ್ನೇಹಿತರನ್ನು ಹುಡುಕಿ' ಎಂದಾಗ ಅವರು ಒಪ್ಪಿದರೆ, ಅವರ ವಿಳಾಸಪುಸ್ತಕದಲ್ಲಿರುವ ನಾವೆಲ್ಲರೂ ಹೋಗುತ್ತೇವೆ. ಹೊಸದಾಗಿ ಸೇರಿದ ಸುಮಾರು 15 ಲಕ್ಷ ಜನರ ಇಮೇಲ್ ಸಂಪರ್ಕಗಳನ್ನು 2016ರಿಂದ ಅವರ ಅನುಮತಿಯಿಲ್ಲದೆ ತುಂಬಿಕೊಂಡಿದ್ದಾಗಿ ಫೇಸ್‌ಬುಕ್ 2019ರಲ್ಲಿ ಒಪ್ಪಿಕೊಂಡಿತು, ಅದು ಉದ್ದೇಶಪೂರ್ವಕವಲ್ಲ ಎಂದೂ ಹೇಳಿತು. ಭದ್ರತೆಗೆಂದು ಕೊಟ್ಟ ಫೋನ್ ನಂಬರು, ಇಮೇಲ್ ವಿಳಾಸಗಳನ್ನು ಜಾಹೀರಾತಿಗೆ ಬಳಸಿದ್ದಕ್ಕೆ ಟ್ವಿಟರ್ 2022ರಲ್ಲಿ 15 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಬೇಕಾಯಿತು. ಅಲ್ಲಿಯೂ ಅದೇ ಕಥೆ: ಕೊಟ್ಟದ್ದು ಬೀಗಕ್ಕೆ, ಬಳಸಿದ್ದು ಸಂತೆಗೆ.

ಈಗ ತುಮಕೂರಿನವರಿಗೆ. ಅಳಿಸಿದರಾಯಿತು ಎಂಬ ಮಾತು, ಅಂಗಡಿಗೆ ಬೇಕಿರುವುದು ಪತ್ರ ಕಳುಹಿಸುವುದು ಮಾತ್ರ ಎಂದಾಗಿದ್ದರೆ ಸರಿ. ಆದರೆ ಇಮೇಲ್ ವಿಳಾಸ ಇಂದು ಮನುಷ್ಯನ ಗುರುತಿನ ಚೀಟಿಯ ಕೆಲಸ ಮಾಡುತ್ತಿದೆ. ಅಂಗಡಿಯವರು ತಮ್ಮ ಪಟ್ಟಿಯಲ್ಲಿರುವ ವಿಳಾಸಗಳನ್ನು ಒಂದು ಗಣಿತದ ಅರೆಯುವಿಕೆಗೆ ಒಳಪಡಿಸಿ ಉದ್ದನೆಯ ಸಂಕೇತವಾಗಿಸಿ ಜಾಹೀರಾತು ಜಾಲಕ್ಕೆ ಏರಿಸುತ್ತಾರೆ. ಜಾಲದವರು ತಮ್ಮ ಬಳಕೆದಾರರ ವಿಳಾಸಗಳನ್ನೂ ಹಾಗೆಯೇ ಅರೆದು ಎರಡನ್ನೂ ಹೊಂದಿಸುತ್ತಾರೆ. ಒಂದೇ ವಿಳಾಸವನ್ನು ಯಾರು ಅರೆದರೂ ಒಂದೇ ಸಂಕೇತ ಬರುತ್ತದೆ. ಫೇಸ್‌ಬುಕ್ 2012ರಿಂದ, ಗೂಗಲ್ 2015ರಿಂದ ಈ ಸೌಲಭ್ಯವನ್ನು ಜಾಹೀರಾತುದಾರರಿಗೆ ಕೊಡುತ್ತಿವೆ. ಹೀಗಾಗಿ ಒಂದೂ ಪತ್ರ ಬರದಿದ್ದರೂ, ನೀವು ಕೌಂಟರಿನಲ್ಲಿ ಕೊಂಡದ್ದಕ್ಕೂ ನಿಮ್ಮ ಫೋನಿನಲ್ಲಿ ಕಾಣುವುದಕ್ಕೂ ನಂಟು ಬೆಳೆದಿರುತ್ತದೆ. ಅಳಿಸಲು ಅಲ್ಲಿ ಏನೂ ಇರುವುದಿಲ್ಲ.

ಅಪ್ಪೆಮಿಡಿ, ಸಾಗರ

ನಾನು ಪಟ್ಟಿ ಕೊಂಡವರ ಪಕ್ಷದಿಂದ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತೇವೆ. ಐದು ವರ್ಷದ ಹಿಂದೆ ಒಬ್ಬರು ಪೆನ್‌ಡ್ರೈವ್ ಹಿಡಿದುಕೊಂಡು ಬಂದು, ಬೆಂಗಳೂರಿನ ನಲವತ್ತು ಸಾವಿರ ಇಮೇಲ್ ವಿಳಾಸ ಮೂರು ಸಾವಿರ ರೂಪಾಯಿಗೆ ಕೊಡುವುದಾಗಿ ಹೇಳಿದರು. ಕಡತ ತೆರೆದು ತೋರಿಸಿದರು. ಒಂದೊಂದು ಹಾಳೆಗೆ ಒಂದೊಂದು ಹೆಸರು: ಅಪಾರ್ಟ್‌ಮೆಂಟ್ ನಿವಾಸಿಗಳು, ಕಾರು ಕೊಂಡವರು, ವೈದ್ಯರು, ನಿವೃತ್ತರು. ಮಲೆನಾಡಿನಿಂದ ಹೋಗಿ ಅಲ್ಲಿ ನೆಲೆಸಿದವರು ಇದರಲ್ಲಿ ಎಷ್ಟೋ ಮಂದಿ ಇರುತ್ತಾರೆ, ಮಿಡಿಯ ಹೆಸರು ಕೇಳಿದರೆ ತರಿಸಿಕೊಳ್ಳುತ್ತಾರೆ ಎಂದು ನಾನು ಆಸೆಪಟ್ಟು ಕೊಂಡುಬಿಟ್ಟೆ. ಅದು ತಪ್ಪೆಂದು ಆಗ ಹೊಳೆಯಲಿಲ್ಲ.

ಕಳುಹಿಸಿದ ದಿನ ಮೂರರಲ್ಲಿ ಒಂದು ಪಾಲು ಪತ್ರಗಳು ವಿಳಾಸವಿಲ್ಲವೆಂದು ಮರಳಿ ಬಂದವು. ಮರುದಿನ ಬೆಳಿಗ್ಗೆ ಮೇಲ್ ಕಳುಹಿಸುವ ಸೇವೆಯವರು ನಮ್ಮ ಖಾತೆಯನ್ನೇ ನಿಲ್ಲಿಸಿದರು, ನಮ್ಮ ಹಳೆಯ ಗಿರಾಕಿಗಳಿಗೂ ಬರೆಯಲು ಆಗದ ಸ್ಥಿತಿ ಬಂತು. ಮಾರಾಟವಾದದ್ದು ಎರಡು ಬಾಟಲಿ. ಬಂದ ಉತ್ತರಗಳಲ್ಲಿ ಒಂದನ್ನು ನಾನು ಮರೆಯಲಾರೆ: "ನೀವು ಬರೆದ ವಿಳಾಸ ನನ್ನ ಹೆಂಡತಿಯದು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ದಯವಿಟ್ಟು ಅವರ ಹೆಸರು ತೆಗೆಯಿರಿ." ಅಷ್ಟೇ ಇತ್ತು. ನಾನು ಕ್ಷಮೆ ಕೇಳಿ ಬರೆದೆ, ಕಡತವನ್ನು ಅಂದೇ ಅಳಿಸಿದೆ. ಆದರೆ ಅದೇ ಕಡತ ಇನ್ನೆಷ್ಟು ಜನರ ಬಳಿ ಇದೆಯೋ, ಆ ಮನೆಗೆ ಇನ್ನೂ ಎಷ್ಟು ಪತ್ರಗಳು ಹೋಗುತ್ತಿವೆಯೋ.

ಈಗ ನಮ್ಮಲ್ಲಿ ಒಂದು ನೋಟ್‌ಬುಕ್ ಇದೆ. ಹಲಸಿನ ಮೇಳ, ಕೃಷಿ ಮೇಳಗಳಿಗೆ ಹೋದಾಗ ಮೇಜಿನ ಮೇಲೆ ಇಡುತ್ತೇವೆ. 'ಮಿಡಿ ಬಂದಾಗ ವರ್ಷಕ್ಕೊಮ್ಮೆ ತಿಳಿಸುತ್ತೇವೆ, ಬೇರೆ ಯಾವುದಕ್ಕೂ ಬಳಸುವುದಿಲ್ಲ' ಎಂದು ಮೇಲೆ ಬರೆದಿದ್ದೇವೆ. ಬೇಕಾದವರು ತಾವೇ ಪೆನ್ನು ತೆಗೆದುಕೊಂಡು ಬರೆಯುತ್ತಾರೆ. ಐದು ವರ್ಷದಲ್ಲಿ 600 ಹೆಸರು ಸೇರಿವೆ. ಫೆಬ್ರವರಿ ಕೊನೆಗೆ ಒಂದು ಪತ್ರ ಹಾಕಿದರೆ ವರ್ಷದ ಮಿಡಿಯಲ್ಲಿ ಅರ್ಧ ಅಲ್ಲಿಯೇ ಖರ್ಚಾಗುತ್ತದೆ. ತುಮಕೂರಿನ ಸ್ನೇಹಿತರೇ, ಗ್ರಾಹಕರಿಗೆ ತಿಳಿಸುವುದು ತಪ್ಪಲ್ಲ ಎಂಬ ತಮ್ಮ ಮಾತು ನಿಜವೇ. ಅವರು ಕೇಳಿದ್ದರೇ ಎಂಬುದನ್ನಷ್ಟೇ ನಾವು ನೋಡಬೇಕು.

ಸರ್ವರ್ ರೂಮ್, ಬೆಂಗಳೂರು

ಸಾಗರದವರ ಖಾತೆ ನಿಂತುಹೋದದ್ದಕ್ಕೆ ಕಾರಣ ಬಹುಶಃ ಮರಳಿ ಬಂದ ಪತ್ರಗಳು ಮತ್ತು ಬಲೆಯ ವಿಳಾಸಗಳು. ಯಾರೂ ಬಳಸದ, ಯಾವ ಫಾರ್ಮಿನಲ್ಲೂ ಬರೆಯದ ವಿಳಾಸಗಳನ್ನು ಮೇಲ್ ಸೇವೆಯವರು ಬೇಕೆಂದೇ ಜಾಲದಲ್ಲಿ ಅಡಗಿಸಿಡುತ್ತಾರೆ. ಅವಕ್ಕೆ ಪತ್ರ ಬಂದರೆ ಕಳುಹಿಸಿದವರ ಪಟ್ಟಿ ಜನರ ಒಪ್ಪಿಗೆಯಿಂದ ಆದದ್ದಲ್ಲ ಎಂಬುದು ಖಚಿತ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಇನ್ನಷ್ಟು ಬಿಗಿ ಮಾಡಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರು ಒಂದೇ ಒತ್ತಿಗೆ ಹೊರಬರುವ ಸೌಲಭ್ಯ ಕೊಡಬೇಕು, 'ಸ್ಪ್ಯಾಮ್' ಎಂದು ಗುರುತಿಸುವವರ ಪ್ರಮಾಣ ಶೇ 0.3ಕ್ಕೆ ಮುಟ್ಟಬಾರದು. ಆದ್ದರಿಂದ ಬೇಡದ ಪತ್ರವನ್ನು ಸುಮ್ಮನೆ ಅಳಿಸುವ ಬದಲು ಸ್ಪ್ಯಾಮ್ ಎಂದು ಗುರುತಿಸಿದರೆ ಅದು ನಿಜವಾಗಿಯೂ ಕಳುಹಿಸಿದವರಿಗೆ ಮುಟ್ಟುತ್ತದೆ.

ಪೆನ್‌ಡ್ರೈವ್ ವ್ಯಾಪಾರ ಎಷ್ಟು ದೊಡ್ಡದು ಎಂಬುದಕ್ಕೆ ಪಕ್ಕದ ರಾಜ್ಯದ ಉದಾಹರಣೆ ಇದೆ. 2023ರಲ್ಲಿ ಹೈದರಾಬಾದಿನ ಸೈಬರಾಬಾದ್ ಪೊಲೀಸರು ಬಂಧಿಸಿದ ಒಬ್ಬನ ಬಳಿ 24 ರಾಜ್ಯಗಳ 66.9 ಕೋಟಿ ಜನರ ಮತ್ತು ಸಂಸ್ಥೆಗಳ ಮಾಹಿತಿ ಇತ್ತೆಂದು ಅವರೇ ಪ್ರಕಟಿಸಿದ್ದರು.

ಕರಿಕೋಟು, ಧಾರವಾಡ

ಕಾನೂನಿನ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ. ಕರೆ ಮತ್ತು ಎಸ್ಸೆಮ್ಮೆಸ್‌ಗಳಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮಗಳಿವೆ, 1909ಕ್ಕೆ ತಿಳಿಸಿ ತಡೆಯಬಹುದು. ಆ ನಿಯಮಗಳು ಇಮೇಲಿಗೆ ಅನ್ವಯಿಸುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನಲ್ಲಿ ಕಿರುಕುಳ ಕೊಡುವ ಅಥವಾ ಮೂಲ ಮರೆಮಾಚುವ ಇಮೇಲ್‌ಗಳ ಮಾತು ಇತ್ತು. ವಾಕ್‌ಸ್ವಾತಂತ್ರ್ಯಕ್ಕೆ ಧಕ್ಕೆ ತರುತ್ತದೆಂದು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಆ ಕಲಮನ್ನೇ ರದ್ದು ಮಾಡಿತು. ಆ ತೀರ್ಪು ಸರಿಯಾದದ್ದೇ, ಆದರೆ ಬೇಡದ ಇಮೇಲಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನು ಆಮೇಲೂ ಬರಲಿಲ್ಲ.

ಈಗ ಆಸರೆಯಾಗಬೇಕಿರುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಒಪ್ಪಿಗೆ ಎಂಬುದು ಮುಕ್ತವಾಗಿ, ನಿರ್ದಿಷ್ಟವಾಗಿ, ತಿಳಿದು, ಷರತ್ತಿಲ್ಲದೆ, ಸಂದೇಹಕ್ಕೆ ಎಡೆಯಿಲ್ಲದೆ ಕೊಟ್ಟದ್ದಾಗಿರಬೇಕು ಮತ್ತು ಹೇಳಿದ ಉದ್ದೇಶಕ್ಕೆ ಬೇಕಾದಷ್ಟು ಮಾಹಿತಿಗೆ ಮಾತ್ರ ಸೀಮಿತ ಎಂದು ಅದರ 6ನೆಯ ಕಲಮು ಹೇಳುತ್ತದೆ. ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶ ಇರಬೇಕು, ಅಂದರೆ ಕನ್ನಡದಲ್ಲಿ ಕೇಳುವುದು ನಮ್ಮ ಹಕ್ಕು. 7ನೆಯ ಕಲಮಿಗೆ ಕೊಟ್ಟ ಉದಾಹರಣೆಯಂತೂ ಕೆರೆದಂಡೆಯವರ ಪ್ರಸಂಗವನ್ನೇ ಹೋಲುತ್ತದೆ: ಔಷಧದ ಅಂಗಡಿಯಲ್ಲಿ ಕೊಂಡವರು ರಸೀದಿ ಕಳುಹಿಸಲೆಂದು ತಮ್ಮ ಮಾಹಿತಿ ಕೊಟ್ಟರೆ, ಅಂಗಡಿಯವರು ಅದನ್ನು ರಸೀದಿ ಕಳುಹಿಸುವ ಉದ್ದೇಶಕ್ಕೆ ಬಳಸಬಹುದು. ಶ್ರವಣ ಸಾಧನ ಮಾರುವುದು ಆ ಉದ್ದೇಶದೊಳಗೆ ಬರುವುದಿಲ್ಲ.

ಎರಡು ಕೊರತೆಗಳನ್ನು ಮುಚ್ಚಿಡಬಾರದು. ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ, ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು ಕೊಟ್ಟಿದ್ದಾರೆ, ಅಂದರೆ 2027ರ ಮೇ. ಎರಡನೆಯದಾಗಿ, ವ್ಯಕ್ತಿ ತಾನಾಗಿಯೇ ಸಾರ್ವಜನಿಕವಾಗಿ ಪ್ರಕಟಿಸಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಸರ್ವರ್ ರೂಮ್ ಅವರು ಹೇಳಿದ ಹೆಕ್ಕುವ ತಂತ್ರಾಂಶಗಳಿಗೆ ಇದು ತೆರೆದ ಬಾಗಿಲು ಎಂದು ನನ್ನ ಅಭಿಪ್ರಾಯ.

ಅಷ್ಟರ ತನಕ ಗ್ರಾಹಕ ಕಾನೂನು ಇದೆ. ಮೊಬೈಲ್ ನಂಬರ್ ಕೊಡದಿದ್ದರೆ ಬಿಲ್ ಮಾಡುವುದಿಲ್ಲ ಎನ್ನಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಅಂಗಡಿಗಳಿಗೆ ತಿಳಿಸಿತ್ತು. ಅದೇ ವರ್ಷದ ನವೆಂಬರ್ 30ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಗಳು ಆನ್‌ಲೈನ್ ವ್ಯಾಪಾರದ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿವೆ. ಕೊಳ್ಳಬೇಕಾದರೆ ಸಂಬಂಧವಿಲ್ಲದ ಸೇವೆಗೆ ಸೇರು, ವೈಯಕ್ತಿಕ ಮಾಹಿತಿ ಕೊಡು ಎಂದು ಬಲವಂತ ಮಾಡುವುದು ಅವುಗಳಲ್ಲೊಂದು.

ಹಡ್ಸನ್ ದಂಡೆ, ನ್ಯೂಜೆರ್ಸಿ

ಇಲ್ಲಿಯ ಸ್ಥಿತಿ ಬೇರೆ. ಅಮೆರಿಕದ 2003ರ ಕಾನೂನಿನ ಪ್ರಕಾರ ನಮ್ಮನ್ನು ಕೇಳದೆ ಪ್ರಚಾರದ ಪತ್ರ ಕಳುಹಿಸಬಹುದು, ನಾವು ಬೇಡವೆಂದ ಮೇಲೆ ಹತ್ತು ಕೆಲಸದ ದಿನಗಳೊಳಗೆ ನಿಲ್ಲಿಸಬೇಕು. ಪಕ್ಕದ ಕೆನಡಾದಲ್ಲಿ 2014ರ ಜುಲೈ 1ರಿಂದ ಮೊದಲು ಒಪ್ಪಿಗೆ, ಆಮೇಲೆ ಪತ್ರ. ನನಗೆ ಕೆನಡಾದ ಕ್ರಮವೇ ನ್ಯಾಯವಾಗಿ ಕಾಣುತ್ತದೆ.

ಅಂಗಡಿ ಮುಚ್ಚಿದರೆ ಪಟ್ಟಿ ಏನಾಗುತ್ತದೆ ಎಂಬುದನ್ನು ಯಾರೂ ಕೇಳಲಿಲ್ಲ. ಇಲ್ಲಿ ರೇಡಿಯೋಶ್ಯಾಕ್ ಎಂಬ ಹಳೆಯ ಎಲೆಕ್ಟ್ರಾನಿಕ್ಸ್ ಅಂಗಡಿ 2015ರಲ್ಲಿ ದಿವಾಳಿಯಾದಾಗ, ಪೀಠೋಪಕರಣದ ಜೊತೆಗೆ ಗ್ರಾಹಕರ ಹೆಸರು, ವಿಳಾಸ, ಇಮೇಲುಗಳೂ ಹರಾಜಿಗೆ ಬಂದವು. ನಾವು ಪಟ್ಟಿಯನ್ನು ಮಾರುವುದಿಲ್ಲ ಎಂದು ಅವರೇ ಬರೆದುಕೊಟ್ಟಿದ್ದರು. ಟೆಕ್ಸಾಸ್ ಮೊದಲಾದ ರಾಜ್ಯಗಳು ತಕರಾರು ತೆಗೆದ ಮೇಲೆ ಮಾರಾಟಕ್ಕೆ ಮಿತಿ ಹಾಕಿದರು.

ನಮ್ಮವರಿಂದಲೇ ಆದದ್ದನ್ನೂ ಹೇಳಬೇಕು. ನಾನು ಸದಸ್ಯನಾಗಿದ್ದ ಒಂದು ಕನ್ನಡ ಕೂಟದಲ್ಲಿ ಯುಗಾದಿ ಕಾರ್ಯಕ್ರಮದ ಪ್ರಾಯೋಜಕರಿಗೆ ಸದಸ್ಯರ ಪಟ್ಟಿಯನ್ನೇ ಒಪ್ಪಿಸಿದ್ದರು. ಮಕ್ಕಳ ನಾಟಕಕ್ಕೆ ಹೆಸರು ಬರೆಸಿದವರಿಗೆಲ್ಲ ಮನೆ ಸಾಲದವರ ಪತ್ರ ಬಂತು. ಸಮಿತಿಯವರು ಒಳ್ಳೆಯವರು, ಸಭಾಂಗಣದ ಬಾಡಿಗೆಗೆ ಹಣ ಬೇಕಿತ್ತು, ದುರುದ್ದೇಶ ಯಾರಿಗೂ ಇರಲಿಲ್ಲ. ಆದರೂ ಮರುವರ್ಷ ಆರೇಳು ಮನೆಯವರು ನೋಂದಾಯಿಸಲಿಲ್ಲ, ನಾಟಕದಲ್ಲಿ ಮಕ್ಕಳು ಕಡಿಮೆಯಾದರು.

ಓದುಗ, ತುಮಕೂರು

ಎಲ್ಲವನ್ನೂ ಓದಿದೆ. ನನ್ನ ಮೊದಲಿನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ, ಏಕೆಂದರೆ ನಿನ್ನೆ ರಾತ್ರಿ ಮಗಳನ್ನು ಕೇಳಿದೆ. ಅವಳು ಸಿಇಟಿ ಬರೆದ ಮೇಲೆ ನಾವು ಹೆಸರೇ ಕೇಳದ ಕಾಲೇಜುಗಳಿಂದ ದಿನಕ್ಕೆ ಹತ್ತು ಹದಿನೈದು ಪತ್ರ ಬರುತ್ತಿವೆ. ಎಲ್ಲಿಯಾದರೂ ವಿಳಾಸ ಕೊಟ್ಟಿದ್ದೀಯಾ ಎಂದರೆ, ಈ ರ್‍ಯಾಂಕಿಗೆ ಯಾವ ಕಾಲೇಜು ಸಿಗುತ್ತದೆಂದು ಹೇಳುವ ಜಾಲತಾಣವೊಂದರಲ್ಲಿ ಕೊಟ್ಟಿದ್ದಳಂತೆ. ರ್‍ಯಾಂಕು, ಜಾತಿ ವರ್ಗ, ಫೋನು, ಮೇಲ್ ಎಲ್ಲವನ್ನೂ ತುಂಬಿದ ಮೇಲೆಯೇ ಉತ್ತರ ತೋರಿಸಿತಂತೆ. ಫಲಿತಾಂಶದ ದಿನದ ಆತಂಕದಲ್ಲಿ ಹದಿನೇಳು ವರ್ಷದ ಹುಡುಗಿ ಅದನ್ನು ತುಂಬದೆ ಇರುತ್ತಾಳೆಯೇ? ಇನ್ನು ಏನು ಮಾಡಬಹುದು?

ಬಿಲ್ಲಿಂಗ್ ಕೌಂಟರ್, ಹುಬ್ಬಳ್ಳಿ

ಮಗಳಿಗೆ ಬೈಯಬೇಡಿ. ಹಿಂದಿನ ವರ್ಷಗಳ ಕಟಾಫ್ ರ್‍ಯಾಂಕುಗಳು ಪರೀಕ್ಷಾ ಪ್ರಾಧಿಕಾರದ ಅಧಿಕೃತ ತಾಣದಲ್ಲಿಯೇ ಇರುತ್ತವೆ, ನನ್ನ ತಮ್ಮನಿಗೆ ಅಲ್ಲಿಂದಲೇ ನೋಡಿದೆವು, ಯಾವ ವಿಳಾಸವನ್ನೂ ಕೊಡಬೇಕಾಗಲಿಲ್ಲ. ಸೀಟು ಹಂಚಿಕೆಯ ಪತ್ರಗಳು ಈ ಗದ್ದಲದಲ್ಲಿ ಕಳೆದುಹೋಗದಂತೆ ಮಾತ್ರ ದಿನಾ ನೋಡಿಕೊಳ್ಳಿ. ಪ್ರವೇಶ ಮುಗಿದ ಮೇಲೆ ಅವಳಿಗೆ ಹೊಸ ವಿಳಾಸ ಮಾಡಿಕೊಟ್ಟು, ಹಳೆಯದನ್ನು ಇಂಥದಕ್ಕೆ ಬಿಡಿ.

ಕೆರೆದಂಡೆ, ಮೈಸೂರು

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಧಾರವಾಡದವರ ಬರಹ ಓದಿ, ಒಪ್ಪಿಗೆ ಹಿಂತೆಗೆದುಕೊಂಡಿದ್ದೇನೆ, ಯಾರಿಗೆ ನನ್ನ ವಿಳಾಸ ಹೋಗಿದೆ ತಿಳಿಸಿ, ಅಳಿಸಿ ಎಂದು ಕನ್ನಡಕದ ಅಂಗಡಿಗೆ ಕನ್ನಡದಲ್ಲಿ ಒಂದು ಪುಟದ ಪತ್ರ ಬರೆದು, ಕೈಯಲ್ಲೇ ಕೊಟ್ಟು ಸ್ವೀಕೃತಿ ಪಡೆದೆ. ಅಂಗಡಿಯ ಮ್ಯಾನೇಜರ್ ಸೌಜನ್ಯದಿಂದ ನಡೆದುಕೊಂಡರು, ಕಂಪ್ಯೂಟರನ್ನು ನನ್ನ ಕಡೆಗೇ ತಿರುಗಿಸಿ ತೋರಿಸಿದರು. ಮೇಲ್ ಐಡಿಯ ಖಾನೆಯ ಕೆಳಗೆ, 'ಪಾಲುದಾರ ಸಂಸ್ಥೆಗಳ ಮಾಹಿತಿ ಪಡೆಯಲು ಗ್ರಾಹಕರು ಒಪ್ಪಿದ್ದಾರೆ' ಎಂಬರ್ಥದ ಇಂಗ್ಲಿಷ್ ಸಾಲು, ಅದರ ಎದುರು ಮೊದಲೇ ಹಾಕಿಟ್ಟ ಸರಿ ಗುರುತು. ಆ ಪರದೆ ಇರುವುದು ಬಿಲ್ ಮಾಡುವವರ ಕಡೆಗೆ. ನನ್ನ ಹೆಸರಿನಲ್ಲಿ ಆದ ಒಪ್ಪಿಗೆಯನ್ನು ನಾನು ನೋಡುವ ಸಾಧ್ಯತೆಯೇ ಇರಲಿಲ್ಲ. ಮ್ಯಾನೇಜರರಿಗೂ ಆ ಗುರುತನ್ನು ತೆಗೆಯಬಹುದೆಂದು ಅಂದೇ ಗೊತ್ತಾದದ್ದಂತೆ.

ಹತ್ತೊಂಬತ್ತು ದಿನಗಳ ನಂತರ ಅವರ ಮುಖ್ಯ ಕಚೇರಿಯಿಂದ ಉತ್ತರ ಬಂತು. ನನ್ನ ವಿಳಾಸವೂ ತಾಯಿಯವರ ವಯಸ್ಸೂ ಪಾಯಿಂಟ್ಸ್ ಕಾರ್ಡ್ ನಡೆಸುವ ಕಂಪನಿಯ ಮೂಲಕ ಎರಡು ಸಂಸ್ಥೆಗಳಿಗೆ ಹೋಗಿದ್ದವೆಂದು ಒಪ್ಪಿ, ಎರಡೂ ಕಡೆ ಅಳಿಸಿಸಿರುವುದಾಗಿ ಬರೆದಿದ್ದಾರೆ. ವಿಮೆಯವರ ಮತ್ತು ಶ್ರವಣ ಸಾಧನದವರ ಪತ್ರಗಳು ನಿಂತಿವೆ. ನಿವೇಶನದವರ ಹೆಸರು ಆ ಉತ್ತರದಲ್ಲಿ ಇಲ್ಲ, ಅವರ ಪತ್ರ ಇಂದು ಬೆಳಿಗ್ಗೆಯೂ ಬಂದಿದೆ. ಆ ಎರಡು ಸಂಸ್ಥೆಗಳಲ್ಲಿ ಯಾರು ಅವರಿಗೆ ಕೊಟ್ಟರೆಂದು ಕೇಳಿ ಇಬ್ಬರಿಗೂ ಬರೆದಿದ್ದೇನೆ, ಉತ್ತರ ಬಂದಾಗ ಇಲ್ಲಿಯೇ ಹಾಕುತ್ತೇನೆ.